ವಿಲಂಬಿತದಲ್ಲಿ ಭಯಾನಕ: ಕ್ಯಾಂಡಲ್‌ಮಾಸ್ ತಂಡದ ಗಾಯನ

ನಾಟ್ಯಶಾಸ್ತ್ರದಲ್ಲಿ ಪಾಠ್ಯಗುಣಗಳನ್ನು ನಿರೂಪಿಸುವಾಗ ಭರತಮುನಿಯು ಯಾವ ರಸಕ್ಕೆ ಯಾವ ಲಯವು ತಕ್ಕುದೆಂಬುದನ್ನು ವಿಧಿಸಿರುವನು. ಹಾಸ್ಯ ಶೃಂಗಾರಗಳಿಗೆ ಮಧ್ಯ, ಕರುಣಕ್ಕೆ ವಿಲಂಬಿತ, ವೀರ ರೌದ್ರ ಭಯಾನಕಾದಿಗಳಿಗೆ ದ್ರುತ. ಇದು ಯುಕ್ತವೆಂಬುದಕ್ಕೆ ಲೋಕಾನುಭವವೇ ಸಾಕ್ಷಿ. ಹೆದರಿದವನ ಉಸಿರೂ ಓಡುತ್ತದೆ, ಮಾತೂ ಓಡುತ್ತದೆ. ಹೀಗಿರಲು, ಭಯವನ್ನೇ ವಸ್ತುವನ್ನಾಗಿ ಹಿಡಿದು ಅದನ್ನು ಅತಿವಿಲಂಬಿತದಲ್ಲಿ ಹಾಡಿ ಸಿದ್ಧಿಯನ್ನು ಪಡೆದ ಒಂದು ಗಾಯಕವೃಂದದ ವಿಷಯವನ್ನು ನಮ್ಮ ವಾಚಕರ ಮುಂದಿಡುವುದು ಅನುಚಿತವಾಗಲಾರದು. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ 1984ರಲ್ಲಿ ಹುಟ್ಟಿದ ಈ ತಂಡದ ಹೆಸರು ಕ್ಯಾಂಡಲ್‌ಮಾಸ್. ಫೆಬ್ರವರಿ 2ರಂದು ಕ್ರೈಸ್ತರು ಮೇಣದ ಬತ್ತಿಗಳನ್ನು ಆಶೀರ್ವದಿಸಿ ಬೆಳಗಿಸುವ ಹಬ್ಬದ ಹೆಸರೇ ಇವರ ಹೆಸರು.

ಹೆವಿ ಮೆಟಲ್ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಕಿವಿ ಮುಚ್ಚಿಕೊಳ್ಳುವರು, ಕಿರಿಯರು ಕೋಣೆಯ ಬಾಗಿಲು ಮುಚ್ಚಿಕೊಳ್ಳುವರು. ಸದ್ದು ಹೆಚ್ಚೆಂಬುದು ನಿಜವೇ. ಆದರೆ ಸದ್ದೇ ದೋಷವಾದ ಪಕ್ಷದಲ್ಲಿ ಯಕ್ಷಗಾನದ ಚಂಡೆಯ ಮೇಲೂ ಅದೇ ತೀರ್ಪನ್ನು ಕೊಡಬೇಕಾದೀತು. ವಿಚಾರಿಸಬೇಕಾದುದು ಆ ಸದ್ದು ಯಾವ ಭಾವಕ್ಕೆ ಅಂಗವಾಗಿದೆ ಎಂಬುದನ್ನು.

ಈ ಸಂಗೀತದ ಮೂಲವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಡುಕಬೇಕು. ಅಲ್ಲಿನ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯು ತರುಣನಾಗಿದ್ದಾಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡನು. ಎಡಗೈಯಿಂದ ಮೀಟುವವನಾದುದರಿಂದ ತಂತಿಗಳನ್ನು ಅದುಮಬೇಕಾದುದು ಆ ಬಲಗೈಯೇ. ನೋವು ತಗ್ಗಲೆಂದು ಅವನು ತಂತಿಗಳನ್ನು ಸಡಿಲಿಸಿದನು. ನಾದವು ಮಂದ್ರಕ್ಕೆ ಇಳಿಯಿತು. 1970ರಲ್ಲಿ ಹೊರಟ ಅವರ ಮೊದಲ ಧ್ವನಿಮುದ್ರಿಕೆಯಿಂದ ಈ ಪರಂಪರೆಯು ಮೊದಲಾಯಿತು. ಆದರೆ 1986ರ ಹೊತ್ತಿಗೆ ಮೆಟಾಲಿಕಾ, ಸ್ಲೇಯರ್ ಮೊದಲಾದವರ ಕೈಯಲ್ಲಿ ವೇಗವೇ ಪುರುಷಾರ್ಥವಾಗಿದ್ದಿತು. ಅದೇ ವರ್ಷ, ಆ ಪ್ರವಾಹಕ್ಕೆ ಎದುರಾಗಿ, ಕ್ಯಾಂಡಲ್‌ಮಾಸ್ ತಂಡದ ಬಾಸ್ ಗಿಟಾರ್ ವಾದಕನೂ ಕೃತಿಕಾರನೂ ಆದ ಲೇಫ್ ಎಡ್ಲಿಂಗನು ‘ಎಪಿಕಸ್ ಡೂಮಿಕಸ್ ಮೆಟಾಲಿಕಸ್’ ಎಂಬ ಮುದ್ರಿಕೆಯನ್ನು ಹೊರತಂದನು. ಇಂಗ್ಲಿಷ್ ಪ್ರಕೃತಿಗಳಿಗೆ ಲ್ಯಾಟಿನ್ ಪ್ರತ್ಯಯಗಳನ್ನು ಅಂಟಿಸಿದ ಈ ಶೀರ್ಷಿಕೆಯನ್ನು ವೈಯಾಕರಣರು ಕ್ಷಮಿಸಬೇಕು. ಮುದ್ರಿಕೆಯು ಮಾರಾಟವಾಗಲಿಲ್ಲ, ಪ್ರಕಾಶಕರು ತಂಡವನ್ನು ಕೈಬಿಟ್ಟರು. ಆದರೂ ‘ಎಪಿಕ್ ಡೂಮ್’ ಎಂಬ ಒಂದು ಮಾರ್ಗಕ್ಕೇ ಹೆಸರು ಬಂದುದು ಆ ಶೀರ್ಷಿಕೆಯಿಂದ.

ಇದರಲ್ಲಿ ಹಾಡಿದ ಯೋಹಾನ್ ಲೆಂಗ್‌ಕ್ವಿಸ್ಟನು ತಂಡದವನಲ್ಲ, ಅತಿಥಿಯಾಗಿ ಬಂದು ಹಾಡಿ ಹೋದವನು. ಅವನ ತರುವಾಯ ಮೆಸಾಯ ಮಾರ್ಕೊಲಿನ್ ಎಂಬವನು ಬಂದನು. 1987ರ ‘ನೈಟ್‌ಫಾಲ್’ ಮುದ್ರಿಕೆಯಲ್ಲಿ ಕೇಳುವ ಕಂಠವು ಇವನದು. ನನ್ನ ಪ್ರಶಂಸೆಯ ಮುಖ್ಯ ವಿಷಯವೂ ಆ ಕಂಠವೇ.

ಸ್ಥೂಲಕಾಯ, ಕೆದರಿದ ಗುಂಗುರು ಕೂದಲು, ಮೈಮೇಲೆ ಕ್ರೈಸ್ತ ಸಂನ್ಯಾಸಿಯ ನಿಲುವಂಗಿ: ಆಹಾರ್ಯವು ಇಷ್ಟು. ಇದನ್ನು ನೋಡಿ ನಗುವವರು ನಗಲಿ; ಕಣ್ಣು ಮುಚ್ಚಿ ಕೇಳಿದರೆ ನಗೆ ನಿಲ್ಲುತ್ತದೆ. ಸ್ವರದ ಕಂಪನವೇ ಗಮಕವೆಂದು ಹೇಳಿ ಶಾರ್ಙ್ಗದೇವನು ಅದರಲ್ಲಿ 15 ಬಗೆಗಳನ್ನು ಎಣಿಸಿರುವನಷ್ಟೆ. ಮಾರ್ಕೊಲಿನ್ನನ ಕಂಪನವು ಪಾಶ್ಚಾತ್ಯ ಆಪೆರಾ ಗಾಯಕರ ಜಾಡಿನದು, ವಿಸ್ತಾರವಾದುದು. ಗಿಟಾರುಗಳೆಲ್ಲ ಮಂದ್ರದಲ್ಲಿ ನೆಲೆಸಿ, ತಾಳದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ದೀರ್ಘವಾದ ಅವಕಾಶವು ಬಿದ್ದಾಗ, ಆ ಅವಕಾಶವನ್ನು ತುಂಬಬೇಕಾದ ಭಾರವು ಕಂಠದ ಮೇಲೆ ಬೀಳುತ್ತದೆ. ಅಲ್ಪಕಂಠನು ಅಲ್ಲಿ ಬಯಲಾಗುವನು. ಇವನಾದರೋ ತಾರದಲ್ಲಿ ಒಂದು ಸ್ವರವನ್ನು ಹಿಡಿದು, ಅದನ್ನು ಅಲುಗಿಸುತ್ತ, ಮುಂದಿನ ಪೆಟ್ಟಿನವರೆಗೆ ನಡೆಸಿಕೊಂಡು ಹೋಗುವನು. ಈ ಪಂಥದ ಅನೇಕರು ಗುರುಗುಟ್ಟುವುದನ್ನೇ ಗಾಯನವೆಂದು ಬಗೆದಿರುವಾಗ ಇವನಲ್ಲಿ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುತ್ತದೆ. ಪಾಣಿನೀಯಶಿಕ್ಷೆಯು ಹೇಳುವ ಆರು ಪಾಠಕಗುಣಗಳಲ್ಲಿ ಅಕ್ಷರವ್ಯಕ್ತಿ, ಧೈರ್ಯ, ಲಯಸಾಮರ್ಥ್ಯ ಈ ಮೂರಾದರೂ ಇವನಿಗೆ ನಿಸ್ಸಂದೇಹವಾಗಿ ಸಲ್ಲುತ್ತವೆ. (ಅದೇ ಗ್ರಂಥವು ತಲೆಯಲ್ಲಾಡಿಸುತ್ತ ಓದುವವನನ್ನು ಅಧಮನೆಂದಿದೆ. ಇವರ ಸಭಿಕರನ್ನು ಕಂಡಿದ್ದರೆ ಏನೆನ್ನುತ್ತಿತ್ತೋ!)

ಈಗ ಲಯದ ಪ್ರಶ್ನೆಗೆ ಬರೋಣ. ‘ಎಟ್ ದ ಗ್ಯಾಲೋಸ್ ಎಂಡ್’ ಎಂಬ ಹಾಡು ನೇಣಿಗೆ ಗುರಿಯಾದವನ ಮಾತು. ಮೇಲ್ನೋಟಕ್ಕೆ ವಸ್ತುವು ಭಯಾನಕವೇ. ಆದರೆ ಕೇಳುವವನಲ್ಲಿ ಕೊನೆಗೆ ನಿಲ್ಲುವುದು ಭಯವಲ್ಲ, ಶೋಕ. ಮೊದಲ ಮುದ್ರಿಕೆಯ ‘ಸಾಲಿಟ್ಯೂಡ್’ ಹಾಡಿನಲ್ಲಿಯೂ ಮರಣವನ್ನು ಬಯಸುವವನ ಒಂಟಿತನವೇ ಪ್ರಧಾನ. ಲೂಕನ ಸುವಾರ್ತೆಯ ದೃಷ್ಟಾಂತಕಥೆಯಿಂದ ಹೆಸರನ್ನು ಪಡೆದ ‘ಸಮಾರಿಟನ್’ ಇನ್ನೂ ಮುಂದೆ ಹೋಗುತ್ತದೆ. ದಿಕ್ಕಿಲ್ಲದ ಮುದುಕನಿಗೆ ನೆರವಾದವನು ತನ್ನ ಅಂತ್ಯಕಾಲದಲ್ಲಿ ಆ ಪುಣ್ಯದ ಫಲವನ್ನು ಕಾಣುವನೆಂಬುದು ಅದರ ಕಥೆ. ಭಾಗವತದ ರಂತಿದೇವನನ್ನು ಬಲ್ಲವರಿಗೆ ಈ ಭಾವವು ಹೊಸದಲ್ಲ. ಆದುದರಿಂದ ಇಲ್ಲಿ ಭಯಾನಕವು ಅಂಗ, ಕರುಣವು ಅಂಗಿ. ಲಯವು ಅಂಗಿಯನ್ನು ಅನುಸರಿಸಿದೆ. ಭರತನ ವಿಧಿಯನ್ನು ಇವರು ಮೀರಲಿಲ್ಲ, ಅರಿಯದೆಯೇ ಪಾಲಿಸಿದರು. ‘ನೈಟ್‌ಫಾಲ್’ನ ನಡುವೆ ಶೋಪಾನ ಶವಯಾತ್ರೆಯ ಗತಿಯನ್ನು ಗಿಟಾರುಗಳಲ್ಲಿ ನುಡಿಸಿರುವುದೂ ಈ ಮಾತಿಗೆ ಪೋಷಕವಾಗಿದೆ.

ದೋಷಗಳಿಲ್ಲವೆಂದಲ್ಲ. ಮಾಟ, ಮಂತ್ರವಾದಿ, ಗೋರಿಗಳ ಸಾಮಗ್ರಿಯು ಕೆಲವೆಡೆ ಅಗ್ಗದ ಕಾದಂಬರಿಯದು. 1988ರ ‘ಏನ್ಶಿಯಂಟ್ ಡ್ರೀಮ್ಸ್’ನಲ್ಲಿ ಮಾರ್ಕೊಲಿನ್ನನ ಕಂಪನವು ಅಭ್ಯಾಸಬಲದಿಂದ ಬಂದುದೇ ಹೊರತು ಭಾವಬಲದಿಂದಲ್ಲವೆಂದು ನನಗೆ ತೋರುತ್ತದೆ. 1991ರಲ್ಲಿ ಅವನು ತಂಡವನ್ನು ಬಿಟ್ಟನು. ಮರಳಿ ಬಂದು 2005ರ ಮುದ್ರಿಕೆಯಲ್ಲಿ ಹಾಡಿ, 2006ರಲ್ಲಿ ಮತ್ತೆ ಹೊರಟುಹೋದನು.

ಮೊದಲು ಅತಿಥಿಯಾಗಿದ್ದ ಲೆಂಗ್‌ಕ್ವಿಸ್ಟನು 2018ರಲ್ಲಿ, 32 ವರ್ಷಗಳ ಮೇಲೆ, ಮನೆಯವನಾಗಿ ಬಂದನು. 2019ರ ‘ದ ಡೋರ್ ಟು ಡೂಮ್’ ಮುದ್ರಿಕೆಯ ಒಂದು ಹಾಡಿನಲ್ಲಿ ಸಾಕ್ಷಾತ್ ಅಯೋಮಿಯೇ ಗಿಟಾರ್ ನುಡಿಸಿದನು. ಆ ಹಾಡು ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶಿತವೂ ಆಯಿತು. ಲೆಂಗ್‌ಕ್ವಿಸ್ಟನ ಕಂಠದಲ್ಲಿ ಈಗ ತುಸು ಒರಟುತನವು ಸೇರಿದೆ, ಕಂಪನವು ಕಡಿಮೆ. ಮಾರ್ಕೊಲಿನ್ನನ ವೈಭವವನ್ನು ಇವನಲ್ಲಿ ಹುಡುಕಬಾರದು. ಆದರೆ ‘ಸಾಲಿಟ್ಯೂಡ್’ ಮಾತ್ರ ಇವನ ಬಾಯಲ್ಲಿಯೇ ಕೇಳತಕ್ಕದ್ದು.