ನಗ್ನತೆಗೆ ಕತ್ತರಿ, ನೆತ್ತರಿಗೆ ಪರವಾನಗಿ

2004ರ ಫೆಬ್ರವರಿ 1ರಂದು ಅಮೆರಿಕದ ಸೂಪರ್ ಬೌಲ್ ಪಂದ್ಯದ ವಿರಾಮದಲ್ಲಿ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು, ಗಾಯಕಿ ಜಾನೆಟ್ ಜಾಕ್ಸನ್ ಅವರ ಎದೆ ದೂರದರ್ಶನದಲ್ಲಿ ಕಾಣಿಸಿತು. ಅಲ್ಲಿಯ ಪ್ರಸಾರ ಆಯೋಗವು ಸಿಬಿಎಸ್ ವಾಹಿನಿಗೆ 5,50,000 ಡಾಲರ್ ದಂಡ ವಿಧಿಸಿತು. ಮುಂದೆ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಅದೇ ತಿಂಗಳ 25ರಂದು, ಬೂದಿ ಬುಧವಾರ, ಮೆಲ್ ಗಿಬ್ಸನ್ ಅವರ ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ ತೆರೆಕಂಡಿತು. ಕೊರಡೆಯೇಟಿಗೆ ಮೈ ಹರಿದು ನೆಲವೆಲ್ಲ ನೆತ್ತರಾಗುವ ಆ ಚಿತ್ರಕ್ಕೆ, ಹದಿನೇಳು ತುಂಬದವರು ಹಿರಿಯರ ಜೊತೆಯಲ್ಲಿ ಮಾತ್ರ ನೋಡಬೇಕೆಂಬ ‘ಆರ್’ ದರ್ಜೆ ದೊರೆತಿತ್ತು. ಆದರೂ ಅನೇಕ ಸಭೆಗಳು ಚಿತ್ರಮಂದಿರಗಳನ್ನೇ ಕಾದಿರಿಸಿ ವಿಶ್ವಾಸಿಗಳನ್ನು ಕರೆದೊಯ್ದವು.

ಈ ತಾರತಮ್ಯಕ್ಕೆ ಕಾನೂನಿನ ಬೆಂಬಲವೂ ಉಂಟು. ಲೈಂಗಿಕ ಪ್ರಕಟಣೆಗಳನ್ನು ಅಪ್ರಾಪ್ತರಿಗೆ ಮಾರುವುದನ್ನು ನಿಷೇಧಿಸಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ತೀರ್ಪಿತ್ತಿತು. ಹಿಂಸೆ ತುಂಬಿದ ವಿಡಿಯೊ ಆಟಗಳ ವಿಷಯದಲ್ಲಿ ಅಂಥದೇ ನಿಷೇಧವನ್ನು 2011ರಲ್ಲಿ ಅದೇ ನ್ಯಾಯಾಲಯವು ತಳ್ಳಿಹಾಕಿತು. ಈ ವಿಸಂಗತಿಯನ್ನು ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರೇಯರ್ ಎತ್ತಿ ತೋರಿಸಿದರು.

ಇದು ಪಶ್ಚಿಮದವರ ರೋಗವೆಂದು ನಾವು ನೆಮ್ಮದಿಯಿಂದಿರಲಾಗದು. ನಮ್ಮ ಪ್ರಮಾಣೀಕರಣದ ಮಾರ್ಗಸೂಚಿಗಳು ಅಶ್ಲೀಲತೆಯನ್ನೂ ಹಿಂಸೆಯ ವೈಭವೀಕರಣವನ್ನೂ ಒಟ್ಟಿಗೇ ಆಕ್ಷೇಪಿಸುತ್ತವೆ. ಹೀಗಿದ್ದೂ 2022ರಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರಕ್ಕೆ ‘ಯು/ಎ’ ಪತ್ರ ದೊರೆಯಿತು. ಬಂದೂಕು, ಸುತ್ತಿಗೆಗಳ ಆ ವಿಜಯಗಾಥೆಯನ್ನು ಮಕ್ಕಳೂ ಹೆತ್ತವರೊಡನೆ ಕುಳಿತು ನೋಡಿದರು. ‘ಬ್ಯಾಂಡಿಟ್ ಕ್ವೀನ್’ ಚಿತ್ರವಾದರೋ ‘ಎ’ ಪತ್ರ ಪಡೆದೂ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಊರ ನಡುವೆ ಬೆತ್ತಲೆಯಾಗಿ ನಡೆಸಲ್ಪಟ್ಟ ಹೆಣ್ಣಿನ ದೃಶ್ಯವು ಕಾಮವನ್ನು ಕೆರಳಿಸುವುದಕ್ಕಲ್ಲ, ಆಕೆಯ ಬಗೆಗೆ ಕನಿಕರವನ್ನೂ ಎಸಗಿದವರ ಬಗೆಗೆ ಹೇಸಿಗೆಯನ್ನೂ ಹುಟ್ಟಿಸುವುದಕ್ಕೆ ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವೇಚಿಸಿತು. ಆ ವಿವೇಚನೆ ದೇವಶಾಸ್ತ್ರಕ್ಕೂ ಪಾಠವಾಗಬೇಕು: ಎಷ್ಟು ಮೈ ಕಂಡಿತು ಎಂಬುದಕ್ಕಿಂತ, ದೇವಸ್ವರೂಪದಲ್ಲಿ ಉಂಟುಮಾಡಲ್ಪಟ್ಟ ಆ ಮೈಗೆ ಏನು ಮಾಡಲಾಯಿತು, ನೋಡುವವನು ಯಾರ ಪಕ್ಷದಲ್ಲಿ ನಿಂತನು ಎಂಬುದೇ ಮುಖ್ಯ.

ನಮ್ಮ ಪ್ರಸಂಗಪೀಠಕ್ಕೂ ಒಂದು ಕತ್ತರಿಯಿದೆ. ಗೊಲ್ಯಾತನ ತಲೆ ಕಡಿದದ್ದನ್ನೂ ಸಂಸೋನನ ಸಂಹಾರವನ್ನೂ ಭಾನುವಾರದ ಶಾಲೆಯಲ್ಲಿ ಅಭಿನಯಿಸಿ ಕಲಿಸುತ್ತೇವೆ. ಪರಮಗೀತೆಯನ್ನು ತೆರೆಯಲು ಸಂಕೋಚಪಡುತ್ತೇವೆ. ಬತ್ಷೆಬೆಯ ಸ್ನಾನವನ್ನು ಪ್ರಲೋಭನೆಯೆಂದು ಎಚ್ಚರಿಸಿ, ಊರೀಯನ ಕೊಲೆಯನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತೇವೆ. ಆದರೆ ನಾತಾನನ ಸಾಮ್ಯದಲ್ಲಿ ಸ್ನಾನದ ಸುಳಿವೇ ಇಲ್ಲ. ಬಡವನ ಒಂದೇ ಕುರಿಮರಿಯನ್ನು ಬಲಾಢ್ಯನು ಕಸಿದು ಕೊಂದನೆಂಬುದಷ್ಟೇ ಅಲ್ಲಿಯ ಆರೋಪ. ಕಾಮವೂ ಹಿಂಸೆಯೂ ಅಲ್ಲಿ ಒಂದೇ ಅಧಿಕಾರದ ಎರಡು ಕೈಗಳು.

ಈ ಮಾತು ತೆಲಿಗಿಯಿರುವ ಹರಪನಹಳ್ಳಿ ಸೀಮೆಯಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಸೇವೆ ಮಾಡುವವರಿಗೆ ಪುಸ್ತಕದ ವಿಚಾರವಲ್ಲ. ದೇವದಾಸಿ ಪದ್ಧತಿಯ ಗಾಯ ಆಳವಾಗಿರುವ ನೆಲವಿದು. 1982ರ ನಿಷೇಧ ಕಾಯ್ದೆಯಾದ ಮೇಲೂ ಅದರ ನೋವನ್ನು ಹೊತ್ತು ಬಾಳುತ್ತಿರುವ ತಾಯಂದಿರಿದ್ದಾರೆ. ಅಂಥವರು ಕೇಳುತ್ತಿರುವಾಗ ಪಾಲಕನು ಅಶ್ಲೀಲತೆಯನ್ನು ಮಾತ್ರ ಖಂಡಿಸಿ, ಹೆಣ್ಣಿನ ಮೈಯನ್ನು ಬಳಸಿ ಬಿಸುಟವರ ಕ್ರೌರ್ಯಕ್ಕೆ ಹೆಸರನ್ನೇ ಕೊಡದಿದ್ದರೆ, ತನ್ನ ಮೈಯೇ ಪಾಪವೆಂದು ಆಕೆ ಕೇಳಿಸಿಕೊಳ್ಳುತ್ತಾಳೆ. ಮುಚ್ಚಿಟ್ಟದ್ದು ಆಕೆಯ ಮಾನವನ್ನಲ್ಲ, ಅಪರಾಧಿಯ ಮುಖವನ್ನು.

ಲೈಂಗಿಕತೆಯನ್ನು ಸರಕಾಗಿ ಮಾರುವ ಚಿತ್ರಗಳನ್ನು ನಾವು ಸಮರ್ಥಿಸುತ್ತಿಲ್ಲ. ಅವೂ ಮನುಷ್ಯನನ್ನು ವಸ್ತುವಾಗಿಸುತ್ತವೆ. ನಮ್ಮ ಅಳತೆಗೋಲು ಎರಡಾಗಬಾರದು, ಇಷ್ಟೇ. ಸೈನಿಕರು ಕರ್ತನ ಬಟ್ಟೆಗಳನ್ನು ಪಾಲುಮಾಡಿಕೊಂಡು, ಅಂಗಿಯನ್ನೂ ಬಿಡದೆ ಚೀಟು ಹಾಕಿ ತೆಗೆದುಕೊಂಡರೆಂದು ಸುವಾರ್ತೆ ತಿಳಿಸುತ್ತದೆ. ಬೆತ್ತಲೆ ಮಾಡಿ ಅವಮಾನಿಸುವುದು ಶಿಲುಬೆಯ ಶಿಕ್ಷೆಯ ಒಂದು ಭಾಗವೇ ಆಗಿತ್ತು. ಗಿಬ್ಸನ್ ಅವರ ಚಿತ್ರದಂತೆ ನಮ್ಮ ಶುಭ ಶುಕ್ರವಾರದ ನಾಟಕಗಳೂ ನೆತ್ತರನ್ನು ಧಾರಾಳವಾಗಿ ತೋರಿಸಿ ಆ ಅವಮಾನಕ್ಕೆ ಬಟ್ಟೆ ಹೊದಿಸುತ್ತವೆ. ಬಟ್ಟೆ ಇರಲಿ, ಆದರೆ ಅದರ ಕೆಳಗಿನ ಸತ್ಯವನ್ನು ಪ್ರಸಂಗಪೀಠವು ಮರೆಯದಿರಲಿ. ಬಟ್ಟೆ ಕಿತ್ತುಕೊಳ್ಳಲ್ಪಟ್ಟವರ ಪಕ್ಕದಲ್ಲಿ ನಮ್ಮ ಕರ್ತನೂ ಹಾಗೆಯೇ ನಿಂತಿದ್ದಾನೆ.