ಹಳದಿಯ ಮೇಲೆ ಬಿಸಿಲು

ಚನ್ನಗಿರಿಯ ಅಂಗಳಗಳಲ್ಲಿ ಬೇಯಿಸಿದ ಅಡಕೆಯನ್ನು ಒಣಗಿಸುವ ಬಿಸಿಲಿಗೆ ಹಳೆಯ ಮಿಕ್ಸಿಯ ಮೈಯನ್ನೂ ಒಡ್ಡಬಹುದೆಂದು ಯಾರಾದರೂ ಹೇಳಿದ್ದರೆ ಹಿಂದೆ ನಾನು ನಕ್ಕುಬಿಡುತ್ತಿದ್ದೆನು. ಏಕೆಂದರೆ ಬಿಳಿಯ ಪ್ಲಾಸ್ಟಿಕ್ಕನ್ನು ಅರಿಸಿನದ ಬಣ್ಣಕ್ಕೆ ತಿರುಗಿಸುವ ಅಪರಾಧಿಗಳಲ್ಲಿ ಬಿಸಿಲೂ ಒಂದು. ಎಬಿಎಸ್ ಎಂಬ ಆ ಪದಾರ್ಥವು ಬೆಳಕು ಮತ್ತು ತಾಪಗಳ ಪ್ರೇರಣೆಯಿಂದ ಗಾಳಿಯ ಆಮ್ಲಜನಕದೊಡನೆ ಮೆಲ್ಲನೆ ಸಂಯೋಗಗೊಂಡು ಪೀತವರ್ಣವನ್ನು ತಾಳುತ್ತದೆ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗದು, ಅದು ಕೊಳೆಯಲ್ಲವಷ್ಟೆ.

ಆದರೆ ಹೈಡ್ರೋಜನ್ ಪೆರಾಕ್ಸೈಡನ್ನು ಲೇಪಿಸಿ ಅದೇ ಸೂರ್ಯನ ಅತಿನೇರಳೆ ಕಿರಣಗಳಿಗೆ ಒಪ್ಪಿಸಿದಲ್ಲಿ ಕಳೆದುಹೋದ ಬಿಳುಪು ಮರಳುತ್ತದೆ. 2008ರಲ್ಲಿ ಹಳೆಯ ಕಂಪ್ಯೂಟರುಗಳ ಅಭಿಮಾನಿಗಳು ಈ ವಿದ್ಯೆಗೆ ರೆಟ್ರೊಬ್ರೈಟ್ ಎಂದು ಹೆಸರಿಟ್ಟರು. ತಿರುಪುಗಳನ್ನು ಬಿಚ್ಚಿ, ಮೋಟಾರನ್ನು ಹೊರತೆಗೆದು, ಬರಿಯ ಹೊರಕವಚಕ್ಕೆ ಕೂದಲಿನ ಬಣ್ಣದ ಜೊತೆ ಮಾರುವ ಶೇಕಡಾ 12ರ ಕ್ರೀಮನ್ನು ಬ್ರಷ್ಷಿನಿಂದ ಸವರಿ, ಅದು ಆರದಂತೆ ಪಾರದರ್ಶಕ ಹಾಳೆಯನ್ನು ಸುತ್ತಿ, ಆಗಾಗ್ಗೆ ಮಗ್ಗುಲು ಬದಲಿಸುತ್ತಿರಬೇಕು. ಕೈಗವಸನ್ನು ಮರೆತರೆ ಬೆರಳ ತುದಿ ಬೆಳ್ಳಗಾಗಿ ಚುರುಗುಟ್ಟುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಹಾಳೆ ಮುದುಡಿದ ಕಡೆಯೆಲ್ಲ ಗೆರೆಗಳೆದ್ದು ಮಿಕ್ಸಿಯು ಹುಲಿವೇಷ ಧರಿಸಿತ್ತು!

ಮಳೆ ವಿರಳವಾದ ಜಗಳೂರಿನ ನಿರಭ್ರ ಗಗನವು ಈ ಕುಶಲಕರ್ಮಕ್ಕೆ ವರದಾನವೆಂದೇ ನನ್ನ ಅಭಿಪ್ರಾಯ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿಯುವ ಆಷಾಢದಲ್ಲಿ, ನ್ಯಾಮತಿಯ ಮೇಲೆ ಮೋಡ ಕವಿದಾಗ, ಬೆಳ್ಳಿಹಾಳೆ ಅಂಟಿಸಿದ ಪೆಟ್ಟಿಗೆಯೊಳಗಿನ ಅತಿನೇರಳೆ ದೀಪವೇ ಗತಿ. ವರ್ಷಗಳು ಕಳೆದರೆ ಹಳದಿ ಮತ್ತೆ ಇಣುಕುವುದುಂಟು. ಆದರೂ ಸಂಜೆ ಕವಚವನ್ನು ತೊಳೆದು, ಎಂದೂ ಬೆಳಕು ಕಾಣದ ತಳಭಾಗದ ಪಕ್ಕಕ್ಕೆ ಹಿಡಿದು ನೋಡಿದಾಗ, ಎರಡು ಬಿಳುಪುಗಳಿಗೂ ಭೇದ ಕಾಣದೆ ಹೋದ ಆ ಗಳಿಗೆ!