ಗಾಮಾ ಕಿರಣವೂ ಓಲೆಯ ಆಯುಸ್ಸೂ

ಬಸವಕಲ್ಯಾಣವು ವಚನಗಳ ತವರು. ಆದರೆ ಹನ್ನೆರಡನೆಯ ಶತಮಾನದ ಶರಣರ ಸ್ವಹಸ್ತದ ಓಲೆಗಳು ವಿದ್ವಾಂಸರ ಕೈಗೆ ಬಂದಿಲ್ಲ. ಬಂದಿರುವುವು ಮುಂದಿನ ಶತಮಾನಗಳ ಪ್ರತಿಗಳು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದುದು ಇಂತಹ ಪ್ರತಿಗಳ ಬಲದಿಂದಲೇ. ಸಮೀಪದ ಹುಮನಾಬಾದಿನ ಮಾಣಿಕಪ್ರಭುಗಳ (1817–1865) ಕಾಲಕ್ಕೆ ಕಾಗದವು ಬಳಕೆಗೆ ಬಂದಿದ್ದಿತು. ಓಲೆಯಾಗಲಿ ಕಾಗದವಾಗಲಿ ಹುಳುವಿಗೂ ಬೂಷ್ಟಿಗೂ ಆಹಾರವೇ. ಗಾಮಾ ಕಿರಣದಿಂದ ಹಸ್ತಪ್ರತಿಗಳನ್ನು ಶುದ್ಧಿಗೊಳಿಸಬಹುದೆಂಬ ವಾದವು ಆದಕಾರಣ ಸಾಹಿತ್ಯದವರಿಗೆ ಹೊರಗಿನದಲ್ಲ. ಆ ವಾದದಲ್ಲಿ 'ಶುದ್ಧಿ' ಎಂಬ ಶಬ್ದವು ಅರ್ಧವನ್ನು ಮಾತ್ರ ಹೇಳುತ್ತದೆ.

ಓಲೆಗೂ ಕಾಗದಕ್ಕೂ ಒಡಲಾಗಿರುವ ಸೆಲ್ಯುಲೋಸ್ ಒಂದು ಪಾಲಿಮರ್; ಎಂದರೆ ಗ್ಲೂಕೋಸಿನ ಸಣ್ಣ ಅಣುಗಳು ಸಾವಿರಾರು ಕೊಂಡಿಗಳಾಗಿ ಹೆಣೆದುಕೊಂಡ ಸರಪಳಿ. ಕೋಬಾಲ್ಟ್ 60ರಿಂದ ಹೊರಡುವ ಗಾಮಾ ಕಿರಣವು ಓಲೆಯ ಕಟ್ಟನ್ನು ಬಿಚ್ಚದೆಯೇ ಒಳಹೊಕ್ಕು, ಅಣುಗಳಿಂದ ಇಲೆಕ್ಟ್ರಾನುಗಳನ್ನು ಕೀಳುತ್ತದೆ. ಹುಳುವಿನ ಜೀವಕೋಶ ಕೆಡುವುದು ಇದರಿಂದಲೇ. ಸೆಲ್ಯುಲೋಸಿನ ಕೊಂಡಿ ಕಡಿಯುವುದೂ ಇದರಿಂದಲೇ. ಕಿರಣಕ್ಕೆ ಹುಳುವೆಂದೂ ಓಲೆಯೆಂದೂ ಭೇದವಿಲ್ಲ. ಓಲೆಯು ತಾನೇ ವಿಕಿರಣ ಸೂಸತೊಡಗುವುದೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ.

ಎಲ್ಲ ಪಾಲಿಮರುಗಳೂ ಒಂದೇ ರೀತಿಯಾಗಿ ಕೆಡುವುದಿಲ್ಲ. ಚಾರ್ಲ್ಸ್‌ಬಿ ಎಂಬ ಆಂಗ್ಲ ವಿಜ್ಞಾನಿಯು 1952ರಲ್ಲಿ ಪ್ರಕಟಿಸಿದಂತೆ, ಪಾಲಿಥೀನಿನ ಸರಪಳಿಗಳು ಪರಮಾಣು ರಿಯಾಕ್ಟರಿನ ವಿಕಿರಣ ತಾಗಿದಾಗ ಒಂದಕ್ಕೊಂದು ಅಡ್ಡಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ; ಗಾಮಾ ಕಿರಣದಿಂದಲೂ ಹೀಗೆಯೇ ಆಗುತ್ತದೆ. ಮೊದಲು ಕರಗಿ ಹರಿಯುತ್ತಿದ್ದ ಉಷ್ಣತೆಯಲ್ಲಿ ಅಂತಹ ಪಾಲಿಥೀನು ಆಕಾರವನ್ನು ಬಿಡದು. ವಿದ್ಯುತ್ ತಂತಿಗಳ ಹೊದಿಕೆಗೆ ಈ ಗುಣವೇ ಉಪಯುಕ್ತವಾಗಿದೆ. ಟೆಫ್ಲಾನಿನಲ್ಲಿ ಇದಕ್ಕೆ ವಿಪರೀತ: ಸರಪಳಿಗಳು ತುಂಡಾಗಿ ವಸ್ತುವು ಪೆಡಸಾಗುತ್ತದೆ. ಸೆಲ್ಯುಲೋಸು ಟೆಫ್ಲಾನಿನ ಪಂಕ್ತಿಗೆ ಸೇರಿದುದು. ವಿಕಿರಣದಿಂದ ಪ್ಲಾಸ್ಟಿಕ್ಕು ಗಟ್ಟಿಯಾಗುವುದೆಂದು ಕೇಳಿ ಓಲೆಗೂ ಅದನ್ನೇ ಅನ್ವಯಿಸುವುದು ತರ್ಕದೋಷ.

ಸಾವಿರ ಕೊಂಡಿಗಳ ಸರಪಳಿಯಲ್ಲಿ ನಟ್ಟನಡುವೆ ಒಂದು ಕಡಿದರೆ, ಬದಲಾದ ಕೊಂಡಿ ಸಾವಿರಕ್ಕೆ ಒಂದು, ಉದ್ದವಾದರೋ ಅರ್ಧವಾಯಿತು. ಅಳತೆಯಲ್ಲಿ ಸರಪಳಿ ಕುಗ್ಗಿದ ಬಳಿಕವೂ ಓಲೆ ಕೆಲಕಾಲ ಮೊದಲಿನಂತೆಯೇ ಬಾಗುತ್ತಿರಬಹುದು, ಕಣ್ಣಿಗೆ ಏನೂ ತೋರದು. ಅಲ್ಲದೆ ಕಿರಣ ನಿಂತ ಮೇಲೆಯೂ ಒಳಗೆ ಸಿಕ್ಕಿಬಿದ್ದ ಚಂಚಲ ಅಣುತುಣುಕುಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸುತ್ತಲೇ ಇರುತ್ತವೆ. ಚಿಕಿತ್ಸೆಯ ಮರುದಿನ ಓಲೆ ಚೆನ್ನಾಗಿದೆಯೆಂಬ ಸಾಕ್ಷ್ಯವು ಹೀಗಾಗಿ ದುರ್ಬಲವಾದುದು.

ಪ್ರಮಾಣವೂ ಮುಖ್ಯ. ಹುಳುಗಳನ್ನು ಅಡಗಿಸಲು ಒಂದು ಕಿಲೋಗ್ರೇಗಿಂತ ಕಡಮೆ ಸಾಕು. ಬೂಷ್ಟಿಗೆ ಹಲವು ಕಿಲೋಗ್ರೇ ಬೇಕು. ವೈದ್ಯಕೀಯ ಸಾಮಗ್ರಿಗಳಿಗೆ ರೂಢಿಯಲ್ಲಿರುವ 25 ಕಿಲೋಗ್ರೇ ಪ್ರಮಾಣವನ್ನು ಓಲೆಗೆ ಎರವಲು ತರುವುದು ಅವಿವೇಕ. 1977ರಲ್ಲಿ ಫ್ರಾನ್ಸಿನಲ್ಲಿ ಎರಡನೆಯ ರಾಮ್ಸೆಸನ ಶವವನ್ನು ಬೂಷ್ಟಿನಿಂದ ಉಳಿಸಲು ಗಾಮಾ ಕಿರಣವನ್ನು ಬಳಸಿದುದು ಈ ಪಕ್ಷದವರ ಪ್ರಬಲ ನಿದರ್ಶನ. ಆದರೆ ಆ ಶವವನ್ನು ಯಾರೂ ಪುಟ ತಿರುವಿ ಓದುವುದಿಲ್ಲ! ಓಲೆಯು ದಾರದ ರಂಧ್ರದ ಬಳಿ ಪ್ರತಿ ಓದಿಗೂ ಬಾಗಬೇಕು, ಸೀಳುವುದೂ ಅಲ್ಲಿಯೇ. ಮೇಲಾಗಿ ಕಿರಣವು ಮುಂದಿನ ಹುಳುವನ್ನು ತಡೆಯದು. ಬಸವಕಲ್ಯಾಣದ ಮುಂದಿನ ಮಳೆಗಾಲದಲ್ಲಿ ಕಟ್ಟು ತೇವಗೊಂಡರೆ ಮತ್ತೆ ಬೂಷ್ಟು ಹಿಡಿಯುವುದು; ಮತ್ತೆ ಕಿರಣಕ್ಕೊಡ್ಡಿದರೆ ಹಿಂದಿನ ಹಾನಿಗೆ ಹೊಸದು ಕೂಡುವುದು. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ ಓಲೆಯನ್ನು ಕಾಯುವ ಪದ್ಧತಿಯಲ್ಲಿ ಈ ದೋಷವಿಲ್ಲ. ಆದರೆ ಕಟ್ಟಿನ ನಡುವೆ ಆಗಲೇ ಹರಡಿದ ಬೂಷ್ಟಿಗೆ ಆ ಎಣ್ಣೆ ತಕ್ಕ ಮದ್ದಲ್ಲ.

ಬೂಷ್ಟು ಕಟ್ಟನ್ನೆಲ್ಲ ಆವರಿಸಿ, ಬಿಡಿಸಹೋದರೆ ಗರಿ ಹರಿಯುವಂತಿದ್ದು, ಬೇರೆ ಉಪಾಯ ತೋರದಿದ್ದಾಗ ಒಂದೇ ಬಾರಿ, ಅಲ್ಪಪ್ರಮಾಣದಲ್ಲಿ ಕಿರಣವನ್ನು ಬಳಸುವುದಕ್ಕೆ ಆಕ್ಷೇಪವಿರಲಾರದು. ಮುಂಜಾಗ್ರತೆಯೆಂದು ಭಂಡಾರವನ್ನೆಲ್ಲ ಕಿರಣಕ್ಕೊಡ್ಡುವುದು ಒಪ್ಪತಕ್ಕದ್ದಲ್ಲ. ಗ್ರಂಥಸಂಪಾದಕನಿಗೆ ಅಕ್ಷರದಷ್ಟೇ ಓಲೆಯೂ ಪ್ರಮಾಣ. ಕೊರೆದ ಗೆರೆಯ ಆಳ, ತಿದ್ದಿದ ಗುರುತು, ಅಂಚಿನ ಅಂಕಿ, ಇವೆಲ್ಲ ಗರಿಯೊಡನೆಯೇ ಇವೆ. ಚಿಕಿತ್ಸೆಗೊಳಗಾದ ಕಟ್ಟಿನ ಮೇಲೆ ಪ್ರಮಾಣವನ್ನೂ ದಿನಾಂಕವನ್ನೂ ಬರೆದಿಡತಕ್ಕದ್ದು. ಇಲ್ಲದಿದ್ದರೆ ಐವತ್ತು ವರ್ಷಗಳ ತರುವಾಯ ಗರಿ ಪುಡಿಯಾದುದು ಮುಪ್ಪಿನಿಂದಲೋ ಮದ್ದಿನಿಂದಲೋ ತಿಳಿಯಲಾಗದು.